ಕೂರಬಾರದ ಯಜಮಾನ

ಅಕ್ಟೋಬರ್ ೧೭

ಮನೆಗೆ ಬಂದೆ. ಹೋಗುವಾಗ ಒಬ್ಬನೇ ಹೋಗಿದ್ದೆ, ಬರುವಾಗ ಎರಡು ನದಿಗಳನ್ನು ಜೊತೆಗೆ ಕರೆತಂದೆ.

ಹೊಟ್ಟೆಯ ಕೆಳಗೆ ಎಡಕ್ಕೊಂದು, ಬಲಕ್ಕೊಂದು ತೆಳ್ಳನೆಯ ಕೊಳವೆ. ಒಂದೊಂದರ ತುದಿಗೂ ಮುಷ್ಟಿಯಲ್ಲಿ ಹಿಡಿಸುವಂಥ ರಬ್ಬರ್ ಬುಡ್ಡಿ. ಬುಡ್ಡಿಯನ್ನು ಅದುಮಿ ಬಿರಡೆ ಹಾಕಿದರೆ ಗಾಯದೊಳಗಿನ ಕೆಂಪು ನೀರನ್ನು ಅದು ತಾನಾಗಿ ಹೀರಿಕೊಳ್ಳುತ್ತದೆ. ಆಸ್ಪತ್ರೆಯವರು ಇದಕ್ಕೆ ಡ್ರೇನ್ ಎನ್ನುತ್ತಾರೆ. ಇಪ್ಪತ್ತಾರು ವರ್ಷ ಭೂಗೋಳ ಕಲಿಸಿದವನು ಅಷ್ಟಕ್ಕೇ ಸುಮ್ಮನಾದಾನೆ? ಎಡಗಡೆಯ ಡ್ರೇನಿಗೆ ಡ್ರಿನಾ ಎಂದು ಹೆಸರಿಟ್ಟೆ, ಬಲಗಡೆಯದಕ್ಕೆ ಮೊರಾವಾ. ನಮ್ಮ ದೇಶದ ನಕಾಶೆಯಲ್ಲೂ ಆ ನದಿಗಳು ಇರುವುದು ಹಾಗೆಯೇ.

ಎರಡು ವರ್ಷದ ಹಿಂದೆ ನನ್ನ ಜಠರವನ್ನು ಬಾಳೆಹಣ್ಣಿನಷ್ಟಕ್ಕೆ ಕತ್ತರಿಸಿದ್ದರು. ಎಂಬತ್ತೆರಡು ಕಿಲೋ ಇಳಿದೆ. ಕೊಬ್ಬೇನೋ ಮನೆ ಖಾಲಿ ಮಾಡಿತು, ಪರದೆಗಳನ್ನು ಮಾತ್ರ ಬಿಟ್ಟುಹೋಯಿತು. ತೊಡೆಯವರೆಗೆ ನೇತಾಡುತ್ತಿದ್ದ ಆ ಚರ್ಮವನ್ನು ಈಗ ಕತ್ತರಿಸಿ ಹೊಲಿದಿದ್ದಾರೆ. ಸೊಂಟ ನೆಟ್ಟಗಾಗದು. ತರಗತಿಯಲ್ಲಿ ಇಷ್ಟು ವರ್ಷ ಪ್ರಶ್ನೆ ಕೇಳಿದವನು ಈಗ ಪ್ರಶ್ನಾರ್ಥಕ ಚಿಹ್ನೆಯಾಗಿಯೇ ಓಡಾಡುತ್ತಿದ್ದೇನೆ.

ಬೆಲ್‌ಗ್ರೇಡಿನಿಂದ ಕರೆತಂದವನು ತಮ್ಮ ನೆಗೊವಾನ್. ಅವನದು ಪ್ಲಮ್ ಹಣ್ಣನ್ನು ಹಂಡೆಯಲ್ಲಿ ಕಾಯಿಸಿ ರಾಕಿಯಾ ಎಂಬ ಸಾರಾಯಿ ಇಳಿಸುವ ಕೆಲಸ. ಅವನ ವ್ಯಾನಿನಲ್ಲಿ ನೂರು ಕಿಲೋಮೀಟರು ಕೂತರೆ ಬರೀ ವಾಸನೆಗೇ ಅರ್ಧ ಅಮಲು. ಮನೆಯಲ್ಲಿ ನನ್ನ ಹೆಂಡತಿ ಯಾಗೊದಾ ಬಹಳ ಧೈರ್ಯದಿಂದ ಡ್ರಿನಾದ ಬಿರಡೆ ತೆಗೆದಳು, ಒಳಗೆ ನೋಡಿದಳು, "ಅಯ್ಯೋ" ಎಂದು ಚಪ್ಪಲಿ ಗೂಡಿನ ಮೇಲೆ ಕುಸಿದಳು. ತಮ್ಮನೇ ಅಳತೆಯ ಲೋಟ ಕೈಗೆತ್ತಿಕೊಂಡ.

"ಅತ್ತಿಗೆ, ನೀವು ಅಡುಗೆಮನೆ ನೋಡ್ಕೊಳ್ಳಿ. ಇಳಿಸೋದು, ಅಳೆಯೋದು ನನ್ನ ಕಸುಬು."

ಆಮೇಲೆ ಅವನು ಮೂರು ಬಟ್ಟಲು ಹುರುಳಿಕಾಯಿ ಬೀಜದ ಸಾರು, ಹೊಗೆಯಾಡಿಸಿದ ಪಕ್ಕೆಲುಬು, ಅರ್ಧ ರೊಟ್ಟಿ ಮುಗಿಸಿದ. ನಲವತ್ತೊಂಬತ್ತು ವರ್ಷದಿಂದ ಹೀಗೇ ತಿನ್ನುತ್ತಿದ್ದಾನೆ, ಬೇಲಿಗೂಟದ ಹಾಗೆ ಇದ್ದಾನೆ. ನನಗೆ ಅರ್ಧ ಬಟ್ಟಲು. ಡಾಕ್ಟರು ಹೊಟ್ಟೆ ಕತ್ತರಿಸಿದರೇ ಹೊರತು ಅದರೊಳಗಿನ ಕಿಚ್ಚನ್ನು ಕತ್ತರಿಸಲಿಲ್ಲ.

ಅವನು ಹೊರಟ ಮೇಲೆ ಅಮ್ಮ ಮೆಲ್ಲಗೆ ಶುರುಮಾಡಿದಳು. ಇನ್ನು ಎರಡು ವಾರಕ್ಕೆ ನಮ್ಮ ಮನೆಸಂತ ಲೂಕನ ಹಬ್ಬ, ನಮ್ಮ ಸ್ಲಾವಾ. ಆ ದಿನ ಮನೆಯ ಯಜಮಾನ ಕೂರುವಂತಿಲ್ಲ. ಮೊದಲ ಅತಿಥಿ ಬಂದಾಗಿನಿಂದ ಕಡೆಯವನು ಎದ್ದು ಹೋಗುವತನಕ ನಿಂತು ಬಡಿಸಬೇಕು. ಅಜ್ಜ ನಿಂತ, ಅಪ್ಪ ನಿಂತ, ನೂರೆಪ್ಪತ್ತು ಕಿಲೋ ಇದ್ದಾಗ ನಾನೂ ನಿಂತೆ.

"ಈ ಸಲ ನೆಗೊವಾನ್ ನಿಂತ್ಕೊಳ್ಳಲಿ ಬಿಡು ಮಗಾ."

"ನಾನಿನ್ನೂ ಸತ್ತಿಲ್ಲಮ್ಮಾ."

"ಸತ್ತಿದ್ದೀಯ ಅಂದ್ನಾ? ಬಗ್ಗಿದ್ದೀಯ ಅಂದೆ."

ನರ್ಸ್ ಹೇಳಿದ ನಿಯಮ ಹೀಗಿದೆ: ದಿನಕ್ಕೆ ಒಂದೊಂದು ಬುಡ್ಡಿಯಲ್ಲೂ ಮೂವತ್ತು ಮಿಲಿಗಿಂತ ಕಡಿಮೆ, ಸತತ ಎರಡು ದಿನ. ಆಗ ಕೊಳವೆ ತೆಗೆಯುತ್ತಾರೆ. ಇಪ್ಪತ್ತೊಂಬತ್ತಕ್ಕೆ ಡಾಕ್ಟರನ್ನು ನೋಡಬೇಕು. ಮೂವತ್ತೊಂದಕ್ಕೆ ಹಬ್ಬ. ನಾನು ನಿಂತೇ ನಿಲ್ಲುತ್ತೇನೆ.

ಅಕ್ಟೋಬರ್ ೧೯

ಡ್ರಿನಾ ೯೫, ಮೊರಾವಾ ೧೧೦. ಎರಡಕ್ಕೂ ಪ್ರವಾಹ.

ತಮ್ಮ ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಬರುತ್ತಾನೆ. ಕೈ ತೊಳೆಯುತ್ತಾನೆ. ಕೊಳವೆಯ ಬುಡವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳಿನಲ್ಲಿ ಮೇಲಿನಿಂದ ಕೆಳಕ್ಕೆ ಹಿಂಡುತ್ತಾನೆ, ಮೇಕೆಯ ಹಾಲು ಕರೆದಂತೆ. ಆಮೇಲೆ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾನೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತಾನೆ.

"ಹಂಡೆಯಿಂದ ಮೊದಲು ಇಳಿಯೋ ಕೆಟ್ಟ ಸಾರಾಯಿಗೆ ತಲೆ ಅಂತೀವಿ, ಆಮೇಲಿಂದು ಜೀವ, ಕಡೇದು ಬಾಲ. ನಿಂದಿನ್ನೂ ತಲೇಲೇ ಇದೆ ಅಣ್ಣ."

"ನಂದು ಯಾವಾಗ್ಲೂ ತಲೇಲೇ ಇರೋದು. ಅದಕ್ಕೇ ನಾನು ಮೇಷ್ಟ್ರು, ನೀನು ಹಂಡೆ ಕಾಯೋನು."

ಅವನು ನಕ್ಕ. ಅವನು ಯಾವಾಗಲೂ ನಗುತ್ತಾನೆ.

ಯಾಗೊದಾ ಬಾಗಿಲ ಮರೆಯಿಂದಲೇ, "ನೆಗೊವಾನ್ ಕೈ ಎಷ್ಟು ಹಗುರ ಅಲ್ವಾ?" ಎಂದಳು. ಇಪ್ಪತ್ತೆರಡು ವರ್ಷ ಈ ಮನೆಯ ಬಲ್ಬು, ಬಾಗಿಲು, ಬಚ್ಚಲು ರಿಪೇರಿ ಮಾಡಿದ ನನ್ನ ಕೈಯ ತೂಕದ ಬಗ್ಗೆ ಅವಳು ಒಂದು ಮಾತೂ ಆಡಿದವಳಲ್ಲ. ಆಗ ಕೈಯೂ ಹಗುರವಿರಲಿಲ್ಲ, ನಿಜ.

ಅಕ್ಟೋಬರ್ ೨೦

ಡ್ರಿನಾ ೯೦, ಮೊರಾವಾ ೧೦೦. ಅವನು ಎರಡು ಆಮ್ಲೆಟ್ ತಿಂದ. ಬೇರೆ ವಿಶೇಷವಿಲ್ಲ.

ಅಕ್ಟೋಬರ್ ೨೨

ಕೋಣೆಯಿಂದ ಮೆಲ್ಲಗೆ ಹೊರಬಂದೆ. ನಡುಮನೆಯಲ್ಲಿ ಅಮ್ಮ ಅಪ್ಪನ ಹಬ್ಬದ ಕರಿಕೋಟನ್ನು ನೆಗೊವಾನನಿಗೆ ತೊಡಿಸಿ, ಹಿಂದೆ ಸರಿದು ನೋಡುತ್ತಿದ್ದಾಳೆ! ತೋಳು, ಭುಜ, ಗುಂಡಿ, ಎಲ್ಲ ಸರಿಯಾಗಿ ಕೂತಿದೆ. ಅಪ್ಪನೇ ಎದ್ದು ಬಂದಂತೆ. ನನಗೆ ಆ ಕೋಟು ಹಿಂದೆ ತೋಳೇ ಹಿಡಿಸುತ್ತಿರಲಿಲ್ಲ. ಈ ಎರಡು ವರ್ಷದಲ್ಲಿ ಪ್ರತಿ ತಿಂಗಳೂ ಗುಟ್ಟಾಗಿ ತೊಟ್ಟು ನೋಡುತ್ತಿದ್ದೆ. ಆಗಸ್ಟಿನಲ್ಲಿ ಗುಂಡಿ ಹಾಕಲು ಬಂತು. ಯಾರಿಗೂ ಹೇಳಿರಲಿಲ್ಲ, ಹಬ್ಬದ ದಿನ ತೊಟ್ಟು ನಿಂತು ತೋರಿಸಬೇಕೆಂದಿದ್ದೆ.

"ಏನಮ್ಮ, ಬಟ್ಟೆ ಅಂಗಡಿ ತೆಗೆದ್ಯಾ?" ಎಂದೆ.

ನೆಗೊವಾನ್ ಸರಕ್ಕನೆ ಕೋಟು ಕಳಚಿದ. "ನುಸಿ ಹಿಡಿದಿದ್ಯಾ ಅಂತ ನೋಡ್ತಿದ್ಲು ಅಷ್ಟೇ ಅಣ್ಣ."

"ಕೋಟು ಹಿಡಿಸಿರೋದು ನುಸಿಗಲ್ಲ ಬಿಡು."

ತೂಕ ಇಳಿಸಿದವನು ನಾನು. ಅಳತೆ ಸರಿಹೋದದ್ದು ಅವನಿಗೆ.

ಅಕ್ಟೋಬರ್ ೨೪

ಡ್ರಿನಾ ೬೨, ಮೊರಾವಾ ೭೦. ಹೀಗೇ ನಡೆದರೆ ನವೆಂಬರಿನಲ್ಲಿ ಮುಗಿಯುತ್ತದೆ.

ಹಬ್ಬವನ್ನು ಮುಂದೂಡಲಾಗದು, ಅತಿಥಿಗಳನ್ನು ಕಡಿಮೆ ಮಾಡಲೂ ಆಗದು. ಯಾಕೆಂದರೆ ಸ್ಲಾವಾಕ್ಕೆ ನಾವು ಯಾರನ್ನೂ ಕರೆಯುವುದೇ ಇಲ್ಲ. ಒಮ್ಮೆ ಬಂದವನು ಸಾಯುವತನಕ ಬರುತ್ತಾನೆ. ಕರೆಯದವನಿಗೆ ಬರಬೇಡ ಎನ್ನುವುದು ಹೇಗೆ? ಕನಿಷ್ಠ ಅರವತ್ತು ಮಂದಿ. ಅರವತ್ತು ಮಂದಿಯ ಎದುರು ಅವನು ಪಾದ್ರಿಯ ಜೊತೆ ಹಬ್ಬದ ರೊಟ್ಟಿ ಹಿಡಿದು ತಿರುಗಿಸುತ್ತಾನೆ, ಅವನು ಮೇಣದ ಬತ್ತಿ ಹಚ್ಚುತ್ತಾನೆ, ಅವನು ಲೋಟ ಎತ್ತುತ್ತಾನೆ. ನಾನು ಮೂಲೆಯ ಸೋಫಾದಲ್ಲಿ ಎರಡು ಬುಡ್ಡಿ ಹೊತ್ತು, ಕಾಯಿಲೆಯ ಸೋದರತ್ತೆಯ ಹಾಗೆ, ಬಂದವರಿಂದೆಲ್ಲ ಕೆನ್ನೆಗೆ ಮುತ್ತು ಕೊಡಿಸಿಕೊಳ್ಳುತ್ತ ಕೂರಬೇಕು.

ಇವತ್ತು ಬೆಳಿಗ್ಗೆ ಆರಕ್ಕೆ, ಅವನು ಬರುವ ಮೊದಲೇ, ಬಚ್ಚಲಿಗೆ ಹೋಗಿ ಎರಡೂ ಬುಡ್ಡಿಯಿಂದ ಅರ್ಧರ್ಧ ಚೆಲ್ಲಿದೆ. ಇದರಲ್ಲಿ ಮೋಸವೇನೂ ಇಲ್ಲ. ನೀರು ನನ್ನದು, ಬಚ್ಚಲೂ ನನ್ನದು. ಅಣೆಕಟ್ಟು ಕಟ್ಟುವಾಗ ನದಿಯ ನೀರನ್ನು ಬೇರೆ ಕಡೆ ತಿರುಗಿಸುತ್ತಾರೆ, ಅದು ಎಂಟನೇ ತರಗತಿಯ ಪಾಠ.

ಅಕ್ಟೋಬರ್ ೨೬

ಹಾಳೆಯಲ್ಲಿ: ಡ್ರಿನಾ ೪೦, ಮೊರಾವಾ ೩೮.

ತಮ್ಮ ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಬೇಗ ಬತ್ತುತ್ತಿದೆ."

"ಒಳ್ಳೇದಲ್ವಾ?"

"ಒಳ್ಳೇದೇ. ಬಣ್ಣ ಮಾತ್ರ ಬತ್ತಿಲ್ಲ."

ಹೊಟ್ಟೆಕಿಚ್ಚು! ನಾನು ಗುಣವಾಗುತ್ತಿರುವುದು ಅವನಿಗೆ ಸಹಿಸಲಾಗುತ್ತಿಲ್ಲ. ಕೋಟಿನ ರುಚಿ ಹತ್ತಿದೆ. ಅಳತೆ ಮಾಡಿ ಬಿರಡೆ ಹಾಕಿದ ಮೇಲೂ ನನಗೆ ಬೆನ್ನು ಮಾಡಿ ನಿಂತು ಬುಡ್ಡಿಯ ಹತ್ತಿರ ಏನೋ ಗೀರಾಡುತ್ತಿದ್ದ. ಒರೆಸುತ್ತಿದ್ದೇನೆ ಎಂದ. ಅತಿ ಶುಚಿ.

ಯಾಗೊದಾ ಖುಷಿಯಲ್ಲಿದ್ದಾಳೆ. ಖುಷಿಗೆ ಆಪಲ್ ಪಾಯಿ ಮಾಡಿದಳು. ತಿಂದವನು ಯಾರೆಂದು ಬರೆಯುವ ಅಗತ್ಯವಿಲ್ಲ.

ಅಕ್ಟೋಬರ್ ೨೮

ಹಾಳೆಯಲ್ಲಿ: ಡ್ರಿನಾ ೨೫, ಮೊರಾವಾ ೨೨. ನಿನ್ನೆ ೨೮, ೨೬. ಎರಡು ದಿನ ಸತತ.

ಈಗ ಬೆಳಿಗ್ಗೆ ಅರ್ಧವಲ್ಲ, ಹೆಚ್ಚುಕಡಿಮೆ ಪೂರ್ತಿ ಚೆಲ್ಲುತ್ತೇನೆ; ಬಚ್ಚಲಿನ ಪಾಲನ್ನು ನಾನು ಬರೆದಿಟ್ಟಿಲ್ಲ.

ನಾಳೆ ಇಷ್ಟು ಹೊತ್ತಿಗೆ ನಾನು ನದಿಗಳಿಲ್ಲದ ದೇಶ. ಗೋಡೆ ಹಿಡಿದು ಇಪ್ಪತ್ತು ನಿಮಿಷ ನಿಂತು ಅಭ್ಯಾಸ ಮಾಡಿದೆ. ಬೆವರು ಕಿತ್ತುಕೊಂಡು ಬಂತು. ಅಮ್ಮ ಅಡುಗೆಮನೆಯಿಂದ ನೋಡಿದಳು.

ಅಕ್ಟೋಬರ್ ೨೯

ಬೆಳಿಗ್ಗೆ ನೆಗೊವಾನನ ವ್ಯಾನಿನಲ್ಲೇ ಬೆಲ್‌ಗ್ರೇಡಿಗೆ ಹೋದೆವು.

ಡಾಕ್ಟರ್ ಪಾಂತೆಲಿಚ್ ಹಾಳೆ ನೋಡಿ ಹುಬ್ಬೇರಿಸಿದರು. "ಭೇಷ್, ಮೇಷ್ಟ್ರೇ! ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದ್ದೀರಿ. ಮಲಗಿ, ತೆಗೆದುಬಿಡೋಣ." ನರ್ಸ್ ಕತ್ತರಿ ತಂದಳು. ನಾನು ಮಲಗಿ ಅಂಗಿ ಎತ್ತಿದೆ.

ಬಾಗಿಲ ಬಳಿ ಟೋಪಿ ಹಿಡಿದು ನಿಂತಿದ್ದ ನೆಗೊವಾನ್ ಗಂಟಲು ಸರಿಮಾಡಿಕೊಂಡ.

"ಡಾಕ್ಟ್ರಮ್ಮ, ಆ ಹಾಳೆ ಸುಳ್ಳು."

ಕತ್ತರಿ ನಿಂತಿತು.

"ಬರೆದಿರೋದು ನೀವೇ ಅಲ್ವಾ?" ಎಂದರು ಡಾಕ್ಟರು.

"ಬರೆದಿರೋನು ನಾನೇ. ನಾನು ಬರೋಕೆ ಮುಂಚೆ ಚೆಲ್ಲಿರೋನು ನಮ್ಮಣ್ಣ." ಅವನು ಇನ್ನೊಂದು ಹಾಳೆ ತೆಗೆದ, ನಾಲ್ಕು ಮಡಿಕೆ. "ಸಂಜೆ ನಾನು ಬಿರಡೆ ಹಾಕಿದ ಮೇಲೆ ಅಂಚಿಗೆ ಒಂದು ಚುಕ್ಕೆ ಜೇನುಮೇಣ ಅಂಟಿಸ್ತಿದ್ದೆ. ಬೆಳಿಗ್ಗೆ ಬಂದು ನೋಡಿದ್ರೆ ಒಡೆದಿರ್ತಿತ್ತು. ಪೀಪಾಯಿಗಳಿಗೆ ನಾವು ಮಾಡೋದೂ ಅದನ್ನೇ, ಯಾರು ಕದ್ದು ಕುಡಿದ್ರು ಅಂತ ಗೊತ್ತಾಗೋಕೆ. ಹಗಲು ಗಂಟೆಗೆ ಎಷ್ಟು ಇಳಿಯುತ್ತೋ ರಾತ್ರೀನೂ ಅಷ್ಟೇ ಅಂತ ಹಿಡಿದು ಇದರಲ್ಲಿ ಬರೆದಿದ್ದೀನಿ. ಐವತ್ತು, ಅರವತ್ತು. ಅದಕ್ಕಿಂತ ಕಡಿಮೆ ಇಲ್ಲ."

ಡಾಕ್ಟರು ನನ್ನನ್ನು ನೋಡಿದ ನೋಟಕ್ಕೆ ಇಪ್ಪತ್ತಾರು ವರ್ಷದಲ್ಲಿ ನಾನು ಹಿಡಿದ ಕಾಪಿಚೀಟಿಗಳೆಲ್ಲ ಒಟ್ಟಿಗೆ ನೆನಪಾದವು.

"ಇವತ್ತು ತೆಗೆದಿದ್ರೆ ನಾಡಿದ್ದು ನಿಮ್ಮ ಹೊಟ್ಟೆಯೊಳಗೆ ಕೆರೆ ಕಟ್ಟಿಕೊಳ್ತಿತ್ತು, ಮೇಷ್ಟ್ರೇ. ಸೂಜಿ ಚುಚ್ಚಿ ತೆಗೀಬೇಕಾಗ್ತಿತ್ತು. ಕೀವಾದ್ರೆ ಮತ್ತೆ ಕುಯ್ಯಬೇಕಾಗ್ತಿತ್ತು. ಯಾಕೆ ಹೀಗೆ ಮಾಡಿದ್ರಿ?"

"ಲೂಕನ ಹಬ್ಬ" ಎಂದೆ.

ಅವರಿಗೆ ಅರ್ಥವಾಯಿತು. ಅವರ ಮನೆಯಲ್ಲೂ ಯಾರಾದರೂ ನಿಲ್ಲುವವರು ಇರಬೇಕು. "ಹತ್ತು ನಿಮಿಷ. ಪ್ರಾರ್ಥನೆಗೆ ಹತ್ತು ನಿಮಿಷ ನಿಲ್ಲಿ. ಆಮೇಲೆ ಕುರ್ಚಿ. ಲೂಕ ವೈದ್ಯರ ಸಂತ, ನಮ್ಮ ಮಾತು ಮೀರಿದ್ರೆ ನಿಮ್ಮ ಮನೆ ರೊಟ್ಟಿ ಅವನಿಗೆ ರುಚಿಸಲ್ಲ."

ವ್ಯಾನಿನಲ್ಲಿ ನೂರು ಕಿಲೋಮೀಟರು ವಾಪಸು. ಮನೆಯ ಹತ್ತಿರ ಬಂದಾಗ ನಾನೇ ಹೇಳಿದೆ: "ಅಭಿನಂದನೆ. ಹಬ್ಬ ನಿನ್ನದಾಯ್ತು. ಕೋಟೂ ನಿನಗೇ ಹಿಡಿಸುತ್ತೆ."

ಅವನು ನಗಲಿಲ್ಲ. ಬಾಗಿಲು ತೆಗೆದು, ನನ್ನ ಕಂಕುಳಿಗೆ ಕೈಕೊಟ್ಟು ಇಳಿಸಿ, ಬುಡ್ಡಿಗಳು ಅಂಗಿಗೆ ಸರಿಯಾಗಿ ಪಿನ್ ಆಗಿವೆಯೇ ನೋಡಿ, ಹೊರಟುಹೋದ. ಸಂಜೆ ಆರಕ್ಕೆ ಬಂದ. ಅಳೆದ. ಬರೆದ. ಊಟಕ್ಕೆ ಕೂರದೆ ಹೋದ.

ಆ ನಾಟಕ ನನಗೂ ಗೊತ್ತು. ಗೆದ್ದವನಿಗೆ ಹಸಿವು ಇರುವುದಿಲ್ಲ.

ಅಕ್ಟೋಬರ್ ೩೦

ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮ ಬೇಯಿಸಿದ ಗೋಧಿಗೆ ಅಕ್ರೋಟು ಕುಟ್ಟಿ ಬೆರೆಸುತ್ತಿದ್ದಳು. ಯಾಗೊದಾ ಎಲೆಕೋಸಿನ ಎಲೆಯಲ್ಲಿ ಕೊಚ್ಚಿದ ಮಾಂಸ ಇಟ್ಟು ಸಾರ್ಮಾ ಸುತ್ತುತ್ತಿದ್ದಳು. ನಾನು ಕುರ್ಚಿಯಲ್ಲಿ ಕೂತು, ನಾಳೆಯ ಯಜಮಾನರಿಗೆ ಮೇಣದ ಬತ್ತಿ ಯಾವ ಕೈಯಲ್ಲಿ ಹಿಡಿಯಬೇಕೆಂದು ಯಾರಾದರೂ ಹೇಳಿಕೊಟ್ಟಿದ್ದೀರಾ ಎಂದು ಕೇಳಿದೆ.

ಅಮ್ಮ ಕುಟ್ಟುವುದನ್ನು ನಿಲ್ಲಿಸಿದಳು.

"ಅವನು ನಿಲ್ಲಲ್ಲ ಅಂದಿದ್ದಾನೆ."

"ಅಂದ್ರೆ?"

"ಅಂದ್ರೆ ನಿಲ್ಲಲ್ಲ ಅಂತ. ಮೊದಲ ದಿನಾನೇ ಅಂದ. ‘ಅಣ್ಣನ ರೊಟ್ಟಿ ನಾನು ತಿರುಗ್ಸಲ್ಲಮ್ಮ’ ಅಂತ. ಕೋಟು ನಾನು ಬಲವಂತಕ್ಕೆ ಹಾಕ್ಸಿದ್ದು."

ಯಾಕೆ ಎಂದೆ. ಯಾಕೆ ಎಂದು ಕೇಳದಿದ್ದರೆ ಚೆನ್ನಾಗಿತ್ತು.

"ಅವನು ಗುಡ್ಡದ ಮೇಲಿನ ತೋಟದಲ್ಲಿ ಮನೆ ಕಟ್ಟಿದ ವರ್ಷ ನಿನಗೆ ನೆನಪಿದ್ಯಾ? ನಿಮ್ಮಪ್ಪ ಇದ್ದಿದ್ರೆ ಆ ಹಬ್ಬದಲ್ಲಿ ರೊಟ್ಟಿಯ ಕಾಲುಭಾಗ ಮುರಿದು ಅವನ ಕೈಗೆ ಕೊಡ್ತಿದ್ರು. ಆಗ ತಾನೇ ಅವನ ಮನೆಗೂ ಸಂತ ಬರೋದು, ಅವನೂ ಯಜಮಾನ ಆಗೋದು? ಅಪ್ಪ ಆ ವಸಂತದಲ್ಲೇ ಹೋದ್ರು. ಕೊಡಬೇಕಾದೋನು ನೀನು. ಅವನು ಬಂದು ಕೇಳ್ದ ಕಣೋ. ಎಲ್ಲರೂ ಊಟಕ್ಕೆ ಕೂತಿದ್ರು. ನೀನು ನಿಂತ್ಕೊಂಡು ಏನಂದೆ?"

"ಏನಂದೆ?"

"‘ಅತಿಥಿಗಳನ್ನ ಎಲ್ಲಿ ಕೂರಿಸ್ತೀಯೋ, ಹಂಡೆ ಒಳಗಾ?’ ಅಂದೆ. ಇಡೀ ಮನೆ ನಕ್ತು. ಅವನೂ ನಕ್ಕ. ಹದಿನಾಲ್ಕು ವರ್ಷ ಆಯ್ತು. ಹುಟ್ಟಿದ ಮನೆಗೆ ಅತಿಥಿ ಹಾಗೆ ಬಂದು, ಮೇಜಿನ ತುದೀಲಿ ಕೂತು ಹೋಗ್ತಾನೆ."

ಯಾಗೊದಾ ಸಾರ್ಮಾದಿಂದ ತಲೆ ಎತ್ತಲಿಲ್ಲ. ಅಂದರೆ ಅವಳಿಗೂ ಗೊತ್ತಿತ್ತು.

ನನಗೆ ನೆನಪಿಲ್ಲ. ಜೋಕು ಚೆನ್ನಾಗಿದೆ, ನನ್ನದೇ ಇರಬೇಕು.

ನೆನಪಿಲ್ಲ ಎಂದು ಬರೆದೆ. ಅವನ ಕೈಯಲ್ಲಿ ಆ ದಿನ ಒಂದು ಹೊಸ ಮೇಣದ ಬತ್ತಿ ಇತ್ತು, ಹಳದಿ, ಕಾಗದದಲ್ಲಿ ಸುತ್ತಿದ್ದು. ಅದನ್ನು ಅವನು ಕೋಟಿನ ಒಳಜೇಬಿಗೆ ಇಟ್ಟುಕೊಂಡ.

ಡ್ರಿನಾ ೫೨, ಮೊರಾವಾ ೫೬.

ಅಕ್ಟೋಬರ್ ೩೧

ಅರವತ್ತಲ್ಲ, ಎಪ್ಪತ್ತೊಂದು ಮಂದಿ. ಹೊಲಿದ ಹೊಟ್ಟೆ ನೋಡಲೆಂದೇ ಹತ್ತು ಜನ ಹೆಚ್ಚಿಗೆ ಬಂದಿರಬೇಕು.

ಪಾದ್ರಿ ಮಿಲುತಿನ್ ಹನ್ನೊಂದಕ್ಕೆ ಬಂದರು. ನಾನು ಬಾಗಿಯೇ ನಿಂತೆ. ಬುಡ್ಡಿಗಳು ಅಂಗಿಯೊಳಗೆ ಎರಡು ಪಾರಿವಾಳಗಳ ಹಾಗೆ. ರೊಟ್ಟಿ ಹಿಡಿಯಲು ಎಲ್ಲರೂ ಕೈ ಚಾಚಿದರು. ನೆಗೊವಾನ್ ಮಾತ್ರ ಹಿಂದೆ ನಿಂತು ನನ್ನ ಬೆಲ್ಟಿಗೆ ಎರಡು ಬೆರಳು ಸಿಕ್ಕಿಸಿ ಹಿಡಿದಿದ್ದ, ಬೀಳದಿರಲೆಂದು. ರೊಟ್ಟಿ ಮೂರು ಸುತ್ತು ತಿರುಗಿತು. ಶಿಲುಬೆಯಾಕಾರಕ್ಕೆ ಕತ್ತರಿಸಿ, ಕೆಂಪು ವೈನ್ ಹೊಯ್ದು, ಮುರಿದು, ಮುತ್ತಿಟ್ಟದ್ದಾಯಿತು.

ಒಂದು ಜೋಕು ತಯಾರು ಮಾಡಿಕೊಂಡಿದ್ದೆ. ಬೆಳಿಗ್ಗೆ ಗಡ್ಡ ಹೆರೆಯುವಾಗ ಎರಡು ಸಲ ಹೇಳಿಕೊಂಡಿದ್ದೆ. ಬಾಯಿಗೆ ಬರಲಿಲ್ಲ. ಕಾಲುಭಾಗ ಮುರಿದು ಹಿಂದಕ್ಕೆ ತಿರುಗಿದೆ.

"ತಗೋ. ಅಪ್ಪ ಕೊಡಬೇಕಾಗಿದ್ದು. ನಾನು ತಡ ಮಾಡಿದೆ."

ಅವನು ಕೈ ಚಾಚಲಿಲ್ಲ. ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಇನ್ನೊಮ್ಮೆ ಒರೆಸಿಕೊಂಡ.

"ಜನಾನ ಎಲ್ಲಿ ಕೂರಿಸ್ಲಣ್ಣ?" ಎಂದ. "ಹಂಡೆ ಒಳಗಾ?"

ಹದಿನಾಲ್ಕು ವರ್ಷ ಆ ಮಾತನ್ನು ಅವನು ಒಳಜೇಬಿನಲ್ಲೇ ಇಟ್ಟುಕೊಂಡಿದ್ದ.

"ಕೂರಿಸು. ನನ್ನ ಅತಿಥಿಗಳನ್ನ ಕಳಿಸಿ ಮಾರನೇ ದಿನ ಬೆಳಿಗ್ಗೆ ಮೊದಲು ನಾನೇ ಬಂದು ಕೂರ್ತೀನಿ. ಈಗ ಹಿಡಿಸ್ತೀನಿ ಅದರೊಳಗೆ."

ಯಾರೋ ಫಕ್ಕನೆ ನಕ್ಕರು. ಆಮೇಲೆ ಎಲ್ಲರೂ. ಅಮ್ಮ ಮಾತ್ರ ಮೇಜುಬಟ್ಟೆಯ ಅಂಚಿಗೇ ಕಣ್ಣು ಒರೆಸಿದಳು. ಅವನು ರೊಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ, ಕರವಸ್ತ್ರದಲ್ಲಿ ಸುತ್ತಿದ, ಎಲ್ಲಿಡುವುದೆಂದು ತಿಳಿಯದೆ ಪಾದ್ರಿಯ ಕೈಗೇ ಕೊಟ್ಟ. ಪಾದ್ರಿಗೂ ಏನು ಮಾಡುವುದೆಂದು ತಿಳಿಯಲಿಲ್ಲ.

ಆಮೇಲೆ ನನ್ನ ಹಿಂದೆ ಕುರ್ಚಿ ಎಳೆದು ತಂದ.

"ಇವತ್ತಿಂದ ನಾನೂ ಯಜಮಾನ ಅಲ್ವಾ? ಹಾಗಾದ್ರೆ ನನ್ನ ಮೊದಲ ಅತಿಥಿ ನೀನು. ಕೂತ್ಕೊಳ್ಳಣ್ಣ."

ಹತ್ತು ನಿಮಿಷ ಆಗಿತ್ತೋ ಇಲ್ಲವೋ. ಕೂತೆ.

ಸಂಜೆ ಏಳರವರೆಗೆ ಅವನು ನಿಂತೇ ಇದ್ದ. ಗೋಡೆಗೆ ಒಮ್ಮೆಯೂ ಒರಗಲಿಲ್ಲ. ಒಂದು ತುತ್ತು ತಿನ್ನಲಿಲ್ಲ. ಹಬ್ಬದ ದಿನ ಅವನು ಊಟ ಬಿಟ್ಟದ್ದನ್ನು ನಾನು ಮೊದಲ ಬಾರಿ ನೋಡಿದೆ. ಯಾಗೊದಾಗೆ ಹೇಳಿ ಆರು ಸಾರ್ಮಾ, ಎರಡು ತುಂಡು ಹಂದಿ ಹುರಿದದ್ದು ಎತ್ತಿಡಿಸಿದ್ದೇನೆ, ಸಾಲದಿದ್ದರೆ ಇನ್ನೂ ಇದೆ. ಸಂಜೆಯ ಅಳತೆಗೆ ಅವನಿಗೆ ಬಿಡುವೇ ಸಿಗಲಿಲ್ಲ. ನಾನೇ ಬುಡ್ಡಿ ಬಗ್ಗಿಸಿ, ಕಿಟಕಿಗೆ ಹಿಡಿದು ನೋಡಿ ಬರೆದೆ: ಡ್ರಿನಾ ೬೪, ಮೊರಾವಾ ೭೧. ನಿಂತದ್ದಕ್ಕೆ ಏರಿದೆ. ಇರಲಿ, ಬರಲಿಕ್ಕೆ ಇನ್ನೊಂದು ವಾರ ಕಾರಣ ಸಿಕ್ಕಿತು ಅವನಿಗೆ.

ಮುಂದಿನ ವರ್ಷದಿಂದ ಒಂದೇ ದಿನ ಎರಡು ಮನೆಯಲ್ಲಿ ಲೂಕ. ಎಪ್ಪತ್ತೊಂದರಲ್ಲಿ ಎಷ್ಟು ಮಂದಿ ಗುಡ್ಡ ಹತ್ತುತ್ತಾರೋ ನೋಡಬೇಕು. ಅಲ್ಲಿ ರಾಕಿಯಾ ಇದೆ. ಇಲ್ಲಿ ಏನಿದೆ, ನಾನಿದ್ದೇನೆ. ಹೊಟ್ಟೆಕಿಚ್ಚಿನ ಮಾತಲ್ಲ, ಬರೀ ಲೆಕ್ಕ. ಇವತ್ತು ಅವನ ಮಾತಿಗೆ ಜನ ಹನ್ನೊಂದು ಸಲ ನಕ್ಕರು. ಅದರಲ್ಲಿ ನಾಲ್ಕು ನನ್ನ ಜೋಕುಗಳು, ಅವನು ಹೇಳಿದಾಗ ಹೆಚ್ಚು ಚೆನ್ನಾಗಿದ್ದವು.